ಕಥೆಗಾಗಿ ಕಾಡುತ್ತಿದ್ದ ಮಗ ಈಗ ಪುಸ್ತಕ ಕಂಡರೆ ಓಡುತ್ತಾನೆ

ಪ್ರಶ್ನೆ (ತಾಯಿ, ದಾವಣಗೆರೆ):
ಮೇಡಂ, ನನ್ನ ಮಗನಿಗೆ ಆರೂವರೆ ವರ್ಷ. ಕಳೆದ ವರ್ಷದವರೆಗೂ ಮಲಗುವ ಮುಂಚೆ ಒಂದಾದರೂ ಕಥೆ ಓದಿ ಹೇಳದಿದ್ದರೆ ಬಿಡುತ್ತಿರಲಿಲ್ಲ. ಒಂದನೇ ತರಗತಿಗೆ ಸೇರಿ ಅಕ್ಷರ ಕಲಿತ ಮೇಲೆ ‘ಇನ್ನು ನೀನೇ ಓದು’ ಎಂದು ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಎರಡು ಸಾಲು ದಾಟುವಷ್ಟರಲ್ಲಿ ಅಳು. ಈಗ ಪುಸ್ತಕ ತೆಗೆದರೆ ಸಾಕು, ಮಂಚದ ಕೆಳಗೆ ಹೋಗಿ ಕೂರುತ್ತಾನೆ. ಮೊಬೈಲ್ ಮಾತ್ರ ಬೇಕು. ಓದುವ ಆಸೆಯೇ ಹೊರಟುಹೋಯಿತೇ?

ಉತ್ತರ (ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯ ನಿವೃತ್ತ ಶಿಕ್ಷಕಿ):
ತಾಯಿ, ಇವತ್ತು ರಾತ್ರಿಯಿಂದಲೇ ಮತ್ತೆ ನೀವೇ ಓದಿ ಹೇಳಿ. ಉಳಿದದ್ದನ್ನು ಆಮೇಲೆ ನೋಡೋಣ.

ಮಗು ಅಕ್ಷರ ಕಲಿತ ದಿನವೇ ದೊಡ್ಡವರು ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತಾರೆ. ನಾನು ಕಂಡ ಎಷ್ಟೋ ಮನೆಗಳಲ್ಲಿ ಓದು ಮುರಿದುಬಿದ್ದದ್ದು ಅಲ್ಲಿಯೇ. ನಿಮ್ಮ ಮಗ ಕಿವಿಯಲ್ಲಿ ಏಳು ಸಮುದ್ರ ದಾಟಿ, ರಾಕ್ಷಸನ ಪ್ರಾಣವಿರುವ ಗಿಳಿಯನ್ನು ಹಿಡಿದು ಬಂದವನು. ಕಣ್ಣಿನಲ್ಲಿ ಇನ್ನೂ ‘ಅರಸ’, ‘ಸರ’, ‘ಗರಗಸ’ದ ಹತ್ತಿರ ಇದ್ದಾನೆ. ನಲಿ-ಕಲಿಯಲ್ಲಿ ನಾವು ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳನ್ನು. ಅಷ್ಟರಿಂದಲೇ ಈ ಪದಗಳನ್ನು ಓದಬಹುದೆಂಬ ಸಂತೋಷ ಮಗುವಿಗೆ ಸಿಗಲಿ ಎಂದು. ಆದರೆ ಅಲ್ಲಿಂದ ಕಥೆಪುಸ್ತಕದವರೆಗಿನ ದಾರಿ ಉದ್ದ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ಐನೂರರಷ್ಟು ರೂಪಗಳು, ಅದರ ಮೇಲೆ ಒತ್ತಕ್ಷರಗಳು. ನನ್ನ ತರಗತಿಯಲ್ಲಿ ಜಾಣ ಮಕ್ಕಳೂ ಇವನ್ನು ಸಲೀಸಾಗಿ ಓದಲು ಮೂರನೇ ತರಗತಿಯವರೆಗೆ ಸಮಯ ತೆಗೆದುಕೊಳ್ಳುತ್ತಿದ್ದರು. ಅಷ್ಟು ಕಾಲ ಕಥೆಯನ್ನು ನೀವು ಹೊತ್ತುಕೊಂಡು ನಡೆಯಬೇಕು.

ಇನ್ನೊಂದು ವಿಷಯ ನಮ್ಮ ಭಾಷೆಯದೇ. ಮನೆಯಲ್ಲಿ ಮಾತನಾಡುವಾಗ ನಾವು ಪದದ ಬಾಲವನ್ನು ನುಂಗುತ್ತೇವೆ, ಊರಿಗೊಂದು ರೀತಿಯಲ್ಲಿ. ಪುಸ್ತಕದಲ್ಲಿ ‘ಬರುತ್ತಿದ್ದೇನೆ’, ‘ಹೋಗಿದ್ದನು’ ಎಂದು ಪೂರ್ತಿಯಾಗಿ ಇರುತ್ತದೆ. ಈ ಕನ್ನಡವನ್ನು ಕಿವಿಯಲ್ಲಿ ಕೇಳಿರದ ಮಗು ಅಕ್ಷರಗಳನ್ನೆಲ್ಲ ಸರಿಯಾಗಿ ಕೂಡಿಸಿದರೂ ತಾನು ಓದಿದ್ದು ಏನೆಂದು ತಿಳಿಯದೆ ಕಂಗಾಲಾಗುತ್ತದೆ. ಆದ್ದರಿಂದ ಬಾಯಲ್ಲಿ ಕಥೆ ಹೇಳುವುದರ ಜೊತೆಗೆ, ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆಯೇ ಓದಿ ಹೇಳುವುದೂ ಬೇಕು.

ಓದುವಾಗ ನಡುವೆ ನಿಲ್ಲಿಸಿ ‘ಇದು ಯಾವ ಅಕ್ಷರ?’ ಎಂದು ಕೇಳಬೇಡಿ. ಅವನಾಗಿಯೇ ಓದಲು ಹೋಗಿ ತಡವರಿಸಿದರೆ ಆ ಪದವನ್ನು ನೀವೇ ಹೇಳಿಕೊಟ್ಟು ಮುಂದೆ ಸಾಗಿ. ಕೊನೆಯಲ್ಲಿ ‘ಇದರ ನೀತಿ ಏನು?’ ಎಂಬ ಪ್ರಶ್ನೆಯನ್ನಂತೂ ದಯವಿಟ್ಟು ಕೇಳಬೇಡಿ. ಹಬ್ಬದೂಟದ ಎಲೆಯ ಮುಂದೆ ಲೆಕ್ಕ ಒಪ್ಪಿಸುವಂತೆ ಆಗುತ್ತದೆ ಅದು.

ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೂ ಬೇಸರಪಡಬೇಡಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಬೆಕ್ಕಿನ ಪುಸ್ತಕವೊಂದನ್ನೇ ದಿನವೂ ತರುತ್ತಿದ್ದ. ಒಂದು ದಿನ ‘ಬೆಕ್ಕು’, ‘ಅಕ್ಕ’ ಎರಡನ್ನೂ ಬೆರಳಿನಿಂದ ತೋರಿಸಿ, ‘ಟೀಚರ್, ಎರಡರ ಕೆಳಗೂ ಒಂದೇ ಮರಿ ಇದೆ’ ಎಂದ. ನಾನು ಒತ್ತಕ್ಷರವನ್ನು ಇನ್ನೂ ಕಲಿಸಿರಲಿಲ್ಲ. ಅಂದಿನಿಂದ ನಮ್ಮ ತರಗತಿಯಲ್ಲಿ ಒತ್ತಕ್ಷರಕ್ಕೆ ಮರಿ ಎಂದೇ ಹೆಸರು.

ಮೊಬೈಲ್ ವಿಷಯ: ಓದುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ, ನಿಮ್ಮದೂ ಸಹ.

ಪ್ರಶ್ನೆ (ತಂದೆ, ಶಿರಾ ಹತ್ತಿರದ ಹಳ್ಳಿ):
ಮೇಡಂ, ನಾನು ಗೂಡ್ಸ್ ಆಟೋ ಓಡಿಸುತ್ತೇನೆ, ಮನೆ ಸೇರುವಾಗ ಮಗಳು ಮಲಗಿರುತ್ತಾಳೆ. ಹೆಂಡತಿಗೆ ಓದಲು ಬರುವುದಿಲ್ಲ. ಪುಸ್ತಕ ಕೊಳ್ಳುವುದೂ ಕಷ್ಟ. ನಮ್ಮಂಥವರು ಏನು ಮಾಡಬೇಕು?

ಉತ್ತರ:
ತಮ್ಮಾ, ನಿಮ್ಮ ಮನೆಯಲ್ಲಿ ಕಥೆಗೆ ಬಡತನವಿಲ್ಲ. ಮಗಳ ತಾಯಿ ತನ್ನ ಅಜ್ಜಿಯಿಂದ ಕೇಳಿದ್ದನ್ನೆಲ್ಲ ಹೇಳಲಿ. ಬರೀ ಚಿತ್ರಗಳ ಪುಸ್ತಕ ಸಿಕ್ಕರೆ ತಾಯಿ, ಮಗಳು ಇಬ್ಬರೂ ಸೇರಿ ಪುಟ ತಿರುಗಿಸುತ್ತ ಕಥೆ ಕಟ್ಟಲಿ. ಅದೂ ಓದೇ.

ಭಾನುವಾರ ನೀವು ಒಂದು ಕೆಲಸ ಮಾಡಿ. ಮಗಳು ಹೇಳಿದ ಕಥೆಯನ್ನು ಅವಳ ಮಾತಿನಲ್ಲಿಯೇ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ, ಪುಟಕ್ಕೆ ಒಂದೇ ಸಾಲು. ಚಿತ್ರವನ್ನು ಅವಳು ಬರೆಯಲಿ. ಸೂಜಿದಾರದಿಂದ ಹೊಲಿದು, ರಟ್ಟಿನ ಮೇಲೆ ಅವಳ ಹೆಸರು ಬರೆದುಕೊಡಿ. ತಾನೇ ಹೇಳಿದ ಮಾತಾದ್ದರಿಂದ ಮುಂದೆ ಯಾವ ಪದ ಬರುತ್ತದೆಂದು ಅವಳಿಗೆ ಗೊತ್ತಿರುತ್ತದೆ, ಅಕ್ಷರಗಳು ಹೆದರಿಸುವುದಿಲ್ಲ. ನನ್ನ ಅನುಭವದಲ್ಲಿ ಓದಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ, ಅವಳನ್ನು ಕರೆದುಕೊಂಡು ಹೋಗಿ ಮಕ್ಕಳ ಸದಸ್ಯತ್ವ ಕೇಳಿ. ಫೋನಿನಲ್ಲಾದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ತೀರಾ ಸುಲಭವಾದ ಒಂದನೇ ಹಂತದ ಪುಸ್ತಕಗಳಿಂದ ಶುರುಮಾಡಿ. ಇಷ್ಟವಾದ ಒಂದೆರಡನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಕೊಟ್ಟರೆ ಅವಳ ಕೈಯಲ್ಲಿ ಕಾಗದ ಇರುತ್ತದೆ, ಪರದೆ ಇರುವುದಿಲ್ಲ.

ಮತ್ತೆ ದಾವಣಗೆರೆಯ ತಾಯಿ, ಎರಡು ವಾರಗಳ ನಂತರ:
ಮೇಡಂ, ಮೊದಲ ಮೂರು ರಾತ್ರಿ ಮಂಚದ ಕೆಳಗೇ ಇದ್ದ. ನಾನು ಮೇಲೆ ಕುಳಿತು ಗಟ್ಟಿಯಾಗಿ ಓದಿಕೊಂಡೆ. ನಾಲ್ಕನೆಯ ರಾತ್ರಿ ತಲೆ ಹೊರಗೆ ಬಂತು. ನಿನ್ನೆ ನಿದ್ದೆಗಣ್ಣಿನಲ್ಲಿ ಒಂದು ಪುಟ ಹಾರಿಸಿಬಿಟ್ಟೆ, ‘ಕಪ್ಪೆ ಬಾವಿಗೆ ಬಿದ್ದದ್ದನ್ನು ಓದಲೇ ಇಲ್ಲ’ ಎಂದು ಜಗಳಕ್ಕೆ ಬಂದ! ಈಗ ಅವನಿಂದ ಓದಿಸಲು ಶುರುಮಾಡಲೇ?

ಉತ್ತರ:
ಓದಿ ಕಣ್ಣು ತುಂಬಿತು, ತಾಯಿ. ಓದಿಸಬೇಡಿ, ಇನ್ನೂ ಸ್ವಲ್ಪ ಕಾಯಿರಿ. ಅವನ ಬೆರಳು ತಾನಾಗಿ ಸಾಲಿನ ಮೇಲೆ ಬಂದ ದಿನ ನಿಮ್ಮ ದನಿ ಸ್ವಲ್ಪ ನಿಧಾನವಾಗಲಿ. ನಿಮಗಿಂತ ಮೊದಲು ಒಂದು ಪದವನ್ನು ಅವನೇ ಹೇಳಿಬಿಟ್ಟರೆ ಹೊಗಳಲೂ ನಿಲ್ಲಬೇಡಿ, ಕಪ್ಪೆ ಬಾವಿಯಿಂದ ಹೊರಗೆ ಬರುವವರೆಗೂ ಓದುತ್ತ ಹೋಗಿ.