ಬೊಜ್ಜು 21 ದಿನದಲ್ಲಿ ಮಾಯ: ನಮ್ಮ ಮನೆ ಗುಂಪಿನ ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಪುಟ್ಟ ಅಂದರೆ ನನ್ನ ಮಗ, ಒಂಬತ್ತು ವರ್ಷ. ಇಂಥದ್ದೇ ಫಾರ್ವರ್ಡ್ ಓದಿ ನೊಂದ ಅಪ್ಪ ಅಮ್ಮಂದಿರು ಬೇರೆ ಕಡೆಯೂ ಇದ್ದಾರೆ ಅಂತ ಇಲ್ಲಿ ಹಾಕುತ್ತಿದ್ದೇನೆ.

ಅತ್ತೆ: (ಫಾರ್ವರ್ಡ್) "ಪೋಷಕರೇ ಎಚ್ಚರ!! ಬೊಜ್ಜು 21 ದಿನದಲ್ಲಿ ಮಾಯ!! ರಾತ್ರಿ ಊಟ ಪೂರ್ತಿ ಬಂದ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು. ದಿನವೂ ತೂಕ ನೋಡಿ ಗೋಡೆಗೆ ಅಂಟಿಸಿ, ನಾಚಿಕೆಯಾದರೆ ತಾನೇ ಕರಗುತ್ತದೆ... ಮುಂದೆ ಓದಿ"

ಅತ್ತೆ: ನೋಡಮ್ಮ, ನಿನಗೇ ಅಂತ ಕಳಿಸಿದ್ದು. ಮೊನ್ನೆ ಫೋಟೋದಲ್ಲಿ ಪುಟ್ಟನನ್ನು ನೋಡಿ ಕರುಳು ಚುರುಕ್ ಅಂದಿತು.

ದೊಡ್ಡಪ್ಪ: ಉಪಯುಕ್ತ ಮಾಹಿತಿ 🙏 ಎಲ್ಲದಕ್ಕೂ ಬೇಕಾದದ್ದು ಶಿಸ್ತು. ನಮ್ಮ ಕಾಲದಲ್ಲಿ ಮಕ್ಕಳು ಕೇಳಿದ್ದನ್ನೆಲ್ಲ ಕೊಡುತ್ತಿರಲಿಲ್ಲ. ಈಗ ಮಕ್ಕಳ ಕೈಯಲ್ಲೂ ಮೊಬೈಲ್, ಹೆತ್ತವರ ಕೈಯಲ್ಲೂ ಮೊಬೈಲ್.

ಭಾವ: ಇದಕ್ಕೆ ಆಧಾರ ಏನು? ಬರೆದವರು ಯಾರು?

ಅತ್ತೆ: ಡಾಕ್ಟರ್ ಬರೆದದ್ದು.

ಭಾವ: ಯಾವ ಡಾಕ್ಟರ್? ಹೆಸರಿಲ್ಲ, ತಾರೀಕಿಲ್ಲ.

ಅತ್ತೆ: ನೀನು ಹಿರಿಯರ ಮಾತು ಯಾವತ್ತು ನಂಬಿದ್ದೀಯಾ? ಮನೆ ಕಟ್ಟುವಾಗ ಮೆಟ್ಟಿಲು ಆ ಕಡೆ ಬೇಡ ಅಂದೆ. ಕೇಳಿದೆಯಾ?

ಭಾವ: ಮೆಟ್ಟಿಲಿಗೂ ಮಗುವಿನ ತೂಕಕ್ಕೂ ಏನು ಸಂಬಂಧ?

ಚಿಕ್ಕಮ್ಮ: ಅತ್ತಿಗೆ, ಬೇರೆಯವರ ಮಕ್ಕಳ ಮೈ ಬಗ್ಗೆ ನಿಮಗೆ ಯಾವಾಗಲೂ ಚಿಂತೆ. ನನ್ನ ಮಗಳು ಸಣ್ಣಗಿದ್ದಾಗ 'ಇವಳಿಗೆ ಊಟ ಹಾಕುವುದಿಲ್ಲವಾ' ಅಂತ ಮದುವೆ ಮನೆಯಲ್ಲಿ ಎಲ್ಲರ ಮುಂದೆ ಕೇಳಿದಿರಿ. ನಾನು ಮರೆತಿಲ್ಲ.

ಅತ್ತೆ: ಅದು ಪ್ರೀತಿಯಿಂದ ಕೇಳಿದ್ದು.

ಅಣ್ಣ: ಮೆಟ್ಟಿಲು ಅಂದ ಕೂಡಲೇ ಅಜ್ಜನ ಮನೆ ನೆನಪಾಯಿತು! ರಜೆಯಲ್ಲಿ ಬೆಳಿಗ್ಗೆ ಹೊರಬಿದ್ದರೆ ಕತ್ತಲಾದ ಮೇಲೇ ಮನೆ. ಕರೆದು ಕರೆದು ಅಜ್ಜಿಯ ಗಂಟಲು ಕಟ್ಟುತ್ತಿತ್ತು. ಮೆಟ್ಟಿಲಿಂದ ಹಾರಿ ನನ್ನ ಹಲ್ಲು ಮುರಿದದ್ದು ಯಾರಿಗೆ ನೆನಪಿದೆ?

ತಂಗಿ: ನನಗೆ. ನಾನು ತಳ್ಳಿದೆ ಅಂತ ನೀನು ಸುಳ್ಳು ಹೇಳಿ ನನಗೆ ಏಟು ಬಿತ್ತು.

ಅಣ್ಣ: ತಳ್ಳಿದ್ದು ನೀನೇ! ಎಂಥ ದಿನಗಳು. ಆಗ ಯಾರಿಗೂ ಬೊಜ್ಜು ಇರಲಿಲ್ಲ, ಎಲ್ಲರೂ ಓಡಾಡಿಕೊಂಡು ಇದ್ದೆವು.

ತಂಗಿ: ಎಲ್ಲರೂ ಅಲ್ಲ. ನನ್ನನ್ನು ಡುಮ್ಮಿ ಅನ್ನುತ್ತಿದ್ದಿರಿ. ಓಟದ ಆಟಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ನಾನು ಒಳಗೇ ಕೂರಲು ಶುರು ಮಾಡಿದೆ.

ಅಣ್ಣ: ಅಯ್ಯೋ, ಅದು ತಮಾಷೆಗೆ.

ತಂಗಿ: ನಿನಗೆ ತಮಾಷೆ.

ದೊಡ್ಡಪ್ಪ: ಹಳೆಯದನ್ನು ಕೆದಕಬೇಡಿ. ಸಹನೆ ಇರಲಿ.

ಚಿಕ್ಕಮ್ಮ: ಪುಟ್ಟನಿಗೆ ಥೈರಾಯ್ಡ್ ಇರಬೇಕು, ನೋಡಿಸಿ.

ನಾನು: ಈ ಫೋನನ್ನು ಪುಟ್ಟನೂ ನೋಡುತ್ತಾನೆ. ಅವನು ಈಗ ಚೆನ್ನಾಗಿ ಓದುತ್ತಾನೆ. ಆದ್ದರಿಂದ ಒಂದೇ ಸಲ ಎಲ್ಲ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಫೋಟೋ ನೋಡಿ ಮಗುವಿನ ತೂಕ ಹೆಚ್ಚೋ ಅಲ್ಲವೋ ಹೇಳಲು ಬರುವುದಿಲ್ಲ. ಮಕ್ಕಳ ಡಾಕ್ಟರ್ ಎತ್ತರ, ತೂಕ ಅಳೆದು ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ ಹಾಕಿದರು. ಆಮೇಲೆ ಅದನ್ನು ಅವನ ವಯಸ್ಸಿನ ಹುಡುಗರ ಬೆಳವಣಿಗೆ ಚಾರ್ಟಿನಲ್ಲಿ ಇಟ್ಟು ನೋಡಿದರು. ಬಿಎಂಐ 25 ಮುಟ್ಟಿದರೆ ತೂಕ ಜಾಸ್ತಿ, 30 ಮುಟ್ಟಿದರೆ ಬೊಜ್ಜು ಅನ್ನುವ ದೊಡ್ಡವರ ಲೆಕ್ಕ ಮಕ್ಕಳಿಗೆ ನಡೆಯುವುದಿಲ್ಲ. ಅವನ ತೂಕ ಜಾಸ್ತಿ ಇದೆ, ಹೌದು. ಆದರೆ ಬೆಳೆಯುವ ವಯಸ್ಸು. ಈಗ ತೂಕ ಇಳಿಸುವ ಹಟ ಬೇಡ, ಏರುವುದು ನಿಧಾನವಾದರೆ ಸಾಕು, ಎತ್ತರ ಬೆಳೆದಂತೆ ಸರಿಹೋಗಬಹುದು ಅಂದರು. ಊಟ ತಪ್ಪಿಸಬೇಡಿ ಅಂತ ಒತ್ತಿ ಹೇಳಿದರು. ಚಿಕ್ಕಮ್ಮ, ಥೈರಾಯ್ಡ್ ಕಡಿಮೆಯಾದರೆ ಮಗು ಎತ್ತರ ಬೆಳೆಯುವುದೂ ನಿಧಾನವಾಗುತ್ತದೆ. ಪುಟ್ಟ ಚೆನ್ನಾಗಿಯೇ ಎತ್ತರ ಆಗುತ್ತಿದ್ದಾನೆ.

ನಾವು ಬದಲಾಯಿಸಿದ್ದು ಅವನ ತಟ್ಟೆಯನ್ನಲ್ಲ, ಮನೆಯನ್ನು. ಸಿಹಿ ಪಾನೀಯ ತರುವುದು ನಿಲ್ಲಿಸಿದ್ದೇವೆ. 330 ಮಿಲಿ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಎಂಟೊಂಬತ್ತು ಚಮಚ. ಜ್ಯೂಸ್ ಬದಲು ಹಣ್ಣು. ಏನು ಮಾಡಬೇಕು, ಯಾವಾಗ ಬಡಿಸಬೇಕು ಅನ್ನುವುದು ನಮ್ಮ ಕೆಲಸ. ಎಷ್ಟು ತಿನ್ನಬೇಕು ಅನ್ನುವುದು ಅವನಿಗೆ ಬಿಟ್ಟದ್ದು. ಟಿವಿ ಮುಂದೆ ಊಟ ಅವನಿಗೂ ಇಲ್ಲ, ಅವರಪ್ಪನಿಗೂ ಇಲ್ಲ. ಬೇಡ ಅಂದ ತರಕಾರಿಯನ್ನು ತುರುಕುವುದಿಲ್ಲ, ಇನ್ನೊಂದು ದಿನ ಮತ್ತೆ ಸ್ವಲ್ಪ ಇಡುತ್ತೇವೆ. ಹೊಸ ರುಚಿ ಒಗ್ಗಲು ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗಬಹುದು. ಓದಿದರೆ ಚಾಕೊಲೇಟ್ ಅನ್ನುವ ಬಹುಮಾನವೂ ಇಲ್ಲ. ರಾತ್ರಿ ಬೇಗ ಮಲಗುತ್ತಾನೆ, ಈ ವಯಸ್ಸಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿಗೆ ಹಸಿವೂ ಜಾಸ್ತಿ.

ಭಾವ: ವ್ಯಾಯಾಮ?

ನಾನು: ವ್ಯಾಯಾಮ ಅಂದರೆ ಅವನಿಗೆ ಶಿಕ್ಷೆ ಅನ್ನಿಸುತ್ತದೆ. ತಂಡ ಆರಿಸುವಾಗ ಇವನನ್ನು ಕೊನೆಗೆ ಕರೆಯುತ್ತಾರೆ. ಸೈಕಲ್ಲಿನಲ್ಲಿ, ಈಜಿನಲ್ಲಿ ಆ ಕಾಟ ಇಲ್ಲ, ಅದಕ್ಕೇ ಅವೆರಡೂ ಅವನಿಗೆ ಇಷ್ಟ. ಸಂಜೆ ಮೂವರೂ ನಡೆಯಲು ಹೋಗುತ್ತೇವೆ, ದಾರಿಯುದ್ದಕ್ಕೂ ಅವನದೇ ಮಾತು. ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು. ಎಲ್ಲ ಒಟ್ಟಿಗೇ ಆಗಬೇಕೆಂದಿಲ್ಲ.

ಭಾವ: 60 ನಿಮಿಷಕ್ಕೆ ಆಧಾರ?

ನಾನು: ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ, 5ರಿಂದ 17 ವರ್ಷದವರಿಗೆ. ಇನ್ನೊಂದನ್ನೂ ಓದಿ ಭಾವ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2016ರಲ್ಲೇ ಹೇಳಿದೆ: ಹದಿಹರೆಯದ ಮಕ್ಕಳಿಗೆ ಡಯಟ್ ಹೇರಬೇಡಿ, ತೂಕದ ಬಗ್ಗೆ ಮಾತಾಡಬೇಡಿ, ಹಂಗಿಸಬೇಡಿ. ಇವು ಬೊಜ್ಜನ್ನೂ ಹೆಚ್ಚಿಸಬಹುದು, ಊಟವನ್ನೇ ಬಿಡುವ ಅಥವಾ ಮಿತಿಮೀರಿ ತಿನ್ನುವಂಥ ಊಟದ ಕಾಯಿಲೆಗಳನ್ನೂ ತರಬಹುದು. ಮನೆಯವರೆಲ್ಲ ಕೂತು ಒಟ್ಟಿಗೆ ಊಟ ಮಾಡಿ ಅಂತಲೂ ಅದರಲ್ಲಿದೆ. ಗೋಡೆಗೆ ತೂಕ ಅಂಟಿಸುವುದು ಇದಕ್ಕೆ ಪೂರಾ ಉಲ್ಟಾ.

ದೊಡ್ಡಪ್ಪ: ಅದೇ ನಾನು ಹೇಳಿದ್ದು. ಶಿಸ್ತು.

ತಂಗಿ: ಅಕ್ಕ ಹೇಳಿದ್ದು ಅದಲ್ಲ ದೊಡ್ಡಪ್ಪ.

ದೊಡ್ಡಪ್ಪ: ದೊಡ್ಡವರಿಗೆ ಎದುರು ಮಾತಾಡುವುದು ಈ ಗುಂಪಿನಲ್ಲಿ ಹೆಚ್ಚಾಗಿದೆ.

ಭಾವ: ಒಂದು ನಿಮಿಷ. ಫಾರ್ವರ್ಡಿನಲ್ಲಿ 'ಮುಂದೆ ಓದಿ' ಒತ್ತಿದೆ. ಕೊನೆಯ ಸಾಲು: 'ಈ ಕ್ರಮ 18 ವರ್ಷ ಮೇಲ್ಪಟ್ಟವರಿಗೆ ಮಾತ್ರ.' ಅತ್ತೆ, ಕೊನೆಯವರೆಗೆ ಓದಿದ್ದಿರಾ?

ಅತ್ತೆ: ಕನ್ನಡಕ ಇರಲಿಲ್ಲ. ಮೇಲಿನದು ಓದಿದೆ. ನಿನಗೆ ನನ್ನ ತಪ್ಪು ಹಿಡಿಯುವುದೇ ಕೆಲಸ.

ಚಿಕ್ಕಮ್ಮ: ಮೂರು ಗುಂಪಿಗೆ ಕಳಿಸಿದ್ದೀರಿ ಅತ್ತಿಗೆ. ನನ್ನ ತವರಿನ ಗುಂಪಿಗೂ.

ಅತ್ತೆ: ನಿನ್ನ ತವರಿನವರು ನನ್ನನ್ನು ಗುಂಪಿಗೆ ಸೇರಿಸಿದ್ದು ಯಾಕೆ ಹಾಗಾದರೆ?

ಅಣ್ಣ: ಅಜ್ಜನ ಮನೆ ಫೋಟೋ ಯಾರ ಹತ್ತಿರ ಇದೆ? ಮೆಟ್ಟಿಲು ಕಾಣುವಂಥದ್ದು.

ನಾನು: ಅತ್ತೆ, ನೀವು ಅವನ ಒಳ್ಳೆಯದಕ್ಕೇ ಕಳಿಸಿದ್ದು ಅಂತ ಗೊತ್ತು. ಆದರೆ ಇದನ್ನು ಈಗಲೇ ಅಳಿಸಿ. ಮತ್ತೆ ನಾನು ಎಲ್ಲರಿಗೂ ಕೇಳುವುದು ಇಷ್ಟೇ: ಮನೆಗೆ ಬಂದಾಗ ಅವನ ಕೆನ್ನೆ ಹಿಂಡಿ 'ಎಷ್ಟು ಕೆಜಿ' ಅನ್ನಬೇಡಿ. ಅವನು ಎದುರಿಗಿರುವಾಗ ನಿಮ್ಮ ಹೊಟ್ಟೆಯನ್ನೂ ಬೈದುಕೊಳ್ಳಬೇಡಿ. ನೀರಿನಲ್ಲಿ ಮುಳುಗಿ ಎಷ್ಟು ಹೊತ್ತು ಇರುತ್ತೀಯಾ ಅಂತ ಕೇಳಿ, ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡುತ್ತಾನೆ.

(ಅತ್ತೆ ಈ ಸಂದೇಶವನ್ನು ಅಳಿಸಿದ್ದಾರೆ)

ಅತ್ತೆ: ಅಳಿಸಿದೆ. ಈ ಭಾನುವಾರ ಬರುತ್ತೇನೆ. ಸಿಹಿ ತರಬಾರದು ತಾನೇ?

ನಾನು: ತಿನ್ನಲು ಏನೂ ಬೇಡ ಅತ್ತೆ. ನಡೆಯಲು ಹಿತವಾದ ಚಪ್ಪಲಿ ಹಾಕಿಕೊಂಡು ಬನ್ನಿ. ಸಂಜೆ ಅವನ ಜೊತೆ ಹೋಗಬಹುದು.

ಅತ್ತೆ: ನನ್ನ ಮಂಡಿ ನಿನಗೆ ಗೊತ್ತಲ್ಲ.

ತಂಗಿ: ನಾನೂ ಬರುತ್ತೇನೆ ಅಕ್ಕ. ಅತ್ತೆ ಮತ್ತು ನಾನು ನಿಧಾನ ಬರುತ್ತೇವೆ, ಪುಟ್ಟ ಸೈಕಲ್ ತರಲಿ.

ಭಾವ: ಮಂಡಿ ನೋವಿಗೂ ನಡಿಗೆ ಒಳ್ಳೆಯದು.

ಅತ್ತೆ: ಅದಕ್ಕೆ ಆಧಾರ ಏನು?