ಗಿಗ್ ಕಾರ್ಮಿಕರ ಕಾಯ್ದೆ: ನಮ್ಮ ಜೇಬಿನ ಲೆಕ್ಕ ಯಾರಾದರೂ ಹಾಕಿದ್ದಾರಾ?

ರಾಜಾಜಿನಗರ ರೈಡರ್:
ನಾಲ್ಕು ವರ್ಷದಿಂದ ಊಟ ಡೆಲಿವರಿ ಮಾಡುತ್ತಿದ್ದೇನೆ. 2025ರಲ್ಲಿ ರಾಜ್ಯದಲ್ಲಿ ನಮ್ಮಂಥ ಗಿಗ್ ಕಾರ್ಮಿಕರಿಗಂತಲೇ, ಅಂದರೆ ಆ್ಯಪ್ ಕಂಪನಿಗಳಿಗೆ ಕೆಲಸದ ಲೆಕ್ಕದಲ್ಲಿ ದುಡಿಯುವವರಿಗೆ, ಕಾಯ್ದೆ ಬಂತು. ನಮಗೆ ಕೊಡುವ ದುಡ್ಡಿನ ಮೇಲೆ ಕಂಪನಿ 1ರಿಂದ 5% ಕಲ್ಯಾಣ ಶುಲ್ಕ ಕಟ್ಟಬೇಕು. ಒಳ್ಳೇದೇ. ಆದರೆ ಆರ್ಡರಿಗೆ 40 ರೂಪಾಯಿ ಸಿಕ್ಕರೆ 5% ಅಂದರೆ 2 ರೂಪಾಯಿ. ಅದನ್ನು ಕಂಪನಿ ನಮ್ಮ ದುಡ್ಡಿನಿಂದ ನೇರವಾಗಿ ಮುರಿಯದಿದ್ದರೂ ಇನ್ಸೆಂಟಿವ್ ಇಳಿಸಿದರೆ? ಕಾಯ್ದೆ ಮಾಡುವ ಮೊದಲು ಇಲಾಖೆಯವರು ಇದನ್ನೆಲ್ಲ ಲೆಕ್ಕ ಹಾಕುತ್ತಾರಾ?

ನಿವೃತ್ತ ಶಾಖಾಧಿಕಾರಿ:
ತಮ್ಮಾ, ಸಚಿವಾಲಯದಲ್ಲಿ ಫೈಲು ಹೊತ್ತವನು ನಾನು. ನೀನು ಕೇಳಿದ ಲೆಕ್ಕಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಯಾವುದಾದರೂ ಮಸೂದೆಯ ಕೊನೆ ಪುಟಗಳನ್ನು ತಿರುವಿ ನೋಡು. ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಆದಮೇಲೆ ಆರ್ಥಿಕ ಜ್ಞಾಪನ ಪತ್ರ ಇರುತ್ತದೆ, ಸರ್ಕಾರಕ್ಕೆ ಎಷ್ಟು ಖರ್ಚು ಬೀಳುತ್ತದೆ ಅಂತ ಹೇಳುವ ಟಿಪ್ಪಣಿ. ಎಷ್ಟೋ ಸಲ ಅದರಲ್ಲಿ ಒಂದೇ ಸಾಲು: ಹೆಚ್ಚುವರಿ ವೆಚ್ಚವೇನೂ ಇಲ್ಲ.

ಆ ಸಾಲನ್ನು ಹಳೇ ಫೈಲಿನಿಂದ ನಾನೂ ಎತ್ತಿ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಒಂದು ಸಲ ಸಿಕ್ಕಿಬಿದ್ದೆ. ಮಸೂದೆಯಲ್ಲಿ ಹೊಸ ಪ್ರಾಧಿಕಾರ, ಅದಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೆ ಕಾರು. ವೆಚ್ಚ ಮಾತ್ರ ಇಲ್ಲ! ಫೈಲು ವಾಪಸ್ ಬಂತು. ‘ಹುದ್ದೆ ಎಷ್ಟು? ಸಂಬಳ ಬಜೆಟ್‌ನ ಯಾವ ಲೆಕ್ಕ ಶೀರ್ಷಿಕೆಯಿಂದ?’ ಡ್ರೈವರ್ ಸಂಬಳದವರೆಗೂ ಕೂಡಿಸಿ ಕಳಿಸಿದೆ. ಅದೆಲ್ಲ ಖಜಾನೆಯ ಖರ್ಚು. ಜನರ ಖರ್ಚನ್ನು ಯಾರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ.

ಲಾ ಕಾಲೇಜ್ ಹುಡುಗಿ:
ಸರ್, ಕಾಯ್ದೆ ಮಾಡುವ ಮೊದಲು ಜನರನ್ನು ಕೇಳಬೇಕು ಅನ್ನೋ ಕೇಂದ್ರದ 2014ರ ನೀತಿಯಲ್ಲಿ ಇದಕ್ಕೆ ಜಾಗ ಇದೆ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಅವರ ಬದುಕು, ದುಡಿಮೆಯ ಮೇಲೆ ಏನಾಗಬಹುದು ಅನ್ನೋ ಅಂದಾಜನ್ನೂ ಕೊಡಬೇಕು. ಆದರೆ ಅದು ಬರೀ ನೀತಿ, ಕಾನೂನಲ್ಲ. ಕೇಂದ್ರದ ಇಲಾಖೆಗಳಿಗೆ ಹೇಳಿದ್ದು, ಅಷ್ಟೇ. ಈ ಗಿಗ್ ಕರಡು 2024ರ ಜೂನ್ 29ಕ್ಕೆ ಬಂತು. ಸಲಹೆ, ಆಕ್ಷೇಪಣೆಗೆ ಕೊನೆ ದಿನ ಜುಲೈ 9.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಇದೆಯಲ್ವಾ ಅಂತ ಯಾರಾದರೂ ಕೇಳಬಹುದು. ಇದೆ. ಆದರೆ ಅದು ಜಮೀನು ಕೇಳುವ ಯೋಜನೆಗೆ, ಹೊಸ ಕಾಯ್ದೆಗಲ್ಲ.

ರಾಜಾಜಿನಗರ ರೈಡರ್:
ಹತ್ತೇ ದಿನವಾ? ಆ ಹತ್ತು ದಿನದಲ್ಲಿ ನಾನು ಇನ್ನೂರು ಮನೆ ಬಾಗಿಲು ತಟ್ಟಿರುತ್ತೇನೆ. ಕರಡು ಬಂದಿದ್ದೇ ಗೊತ್ತಾಗಲಿಲ್ಲ. ಸರ್, ಕಾಯ್ದೆ ಬಂದಮೇಲಾದರೂ ಯಾರಾದರೂ ಲೆಕ್ಕ ನೋಡುತ್ತಾರಾ?

ನಿವೃತ್ತ ಶಾಖಾಧಿಕಾರಿ:
ಅಂಕಿ ತಗೊಂಡು ಹೋದರೆ ನೋಡಬಹುದು. ಸುಮ್ನೆ ‘ಕಡಿಮೆ ಆಯಿತು’ ಅಂದರೆ ಅರ್ಜಿ ಫೈಲಿನಲ್ಲೇ ಮಲಗುತ್ತದೆ. ವಾರವಾರದ ಇನ್ಸೆಂಟಿವ್ ಬರೆದಿಟ್ಟಿದ್ದೀಯಾ?

ರಾಜಾಜಿನಗರ ರೈಡರ್:
ಇಲ್ಲ ಸರ್. ಆ್ಯಪ್‌ನಲ್ಲಿ ಹಿಂದಿನದು ಎಷ್ಟು ಸಿಗುತ್ತೋ ನೋಡಿ ಇವತ್ತೇ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ.