ಒಂಬತ್ತು ವರ್ಷದ ಮಗಳಿಗೆ ರೋಡ್ ಬೈಕ್: ಯಾವ ಸೈಜ್ ತಗೊಳ್ಳಲಿ?

ಪ್ರಶ್ನೆ (ಮೈಸೂರಿನ ಕುವೆಂಪುನಗರದಿಂದ ಒಬ್ಬ ತಂದೆ):
ನಮಸ್ಕಾರ ಸಾರ್. ನನ್ನ ಮಗಳಿಗೆ ಒಂಬತ್ತು ವರ್ಷ. ಎತ್ತರ 132 ಸೆಂ.ಮೀ., ತೂಕ 26 ಕೆ.ಜಿ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ಸೈಕಲ್‌ನವರನ್ನು ನೋಡಿ, ತನಗೂ ಅಂಥದ್ದೇ ಬಾಗಿದ ಹ್ಯಾಂಡಲ್ ಸೈಕಲ್ (ರೋಡ್ ಬೈಕ್) ಬೇಕು ಅಂತ ಹಟ ಹಿಡಿದಿದ್ದಾಳೆ. ಅಂಗಡಿಯಲ್ಲಿ ದೊಡ್ಡವರ ರೋಡ್ ಬೈಕಿನ ಅತಿ ಚಿಕ್ಕ ಸೈಜ್ ತೋರಿಸಿದರು. ಚಕ್ರ 700ಸಿ, ಅಂದರೆ ದೊಡ್ಡವರ ರೋಡ್ ಬೈಕಿಗೆ ಹಾಕುವ ದೊಡ್ಡ ಚಕ್ರ. ಸೀಟು ಪೂರ್ತಿ ಇಳಿಸಿ ಸೈಕಲ್ ವಾಲಿಸಿದರೆ ಒಂದು ಕಾಲಿನ ತುದಿ ನೆಲಕ್ಕೆ ತಾಗುತ್ತದೆ. "ಎರಡು ವರ್ಷದಲ್ಲಿ ಸರಿಹೋಗುತ್ತೆ, ಬೆಳೆಯೋ ಮಗು ಅಲ್ವಾ" ಅಂದರು. ತಗೊಳ್ಳಬಹುದಾ?

ಉತ್ತರ:
ಬೇಡ ಸಾರ್. ಕಾಲಿನ ಲೆಕ್ಕ ಆಮೇಲೆ ನೋಡೋಣ, ಮೊದಲು ಕೈ ನೋಡಿ. ರೋಡ್ ಬೈಕ್ ಬೇಕು ಅಂತ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಆ ಬ್ರೇಕ್ ಹಿಡಿದು ಮಗು ಸೈಕಲ್ ನಿಲ್ಲಿಸಬಲ್ಲದಾ?

ಬಾಗಿದ ಹ್ಯಾಂಡಲ್‌ನಲ್ಲಿ ಕೈ ಇಡುವ ಜಾಗ ಮೂರು. ಮೇಲಿನ ನೇರ ಭಾಗ ಹಿಡಿದಾಗ ಬ್ರೇಕ್ ಕೈಗೆ ಸಿಗುವುದೇ ಇಲ್ಲ. ಬ್ರೇಕ್ ಲಿವರ್ ಮೇಲಿನ ರಬ್ಬರ್ ಹುಡ್ ಹಿಡಿದಾಗ ಬೆರಳು ಲಿವರಿನ ಮೇಲ್ಭಾಗಕ್ಕೆ ಮಾತ್ರ ಹೋಗುತ್ತದೆ. ಅಲ್ಲಿ ಎಳೆಯಲು ಜಾಸ್ತಿ ಬಲ ಬೇಕು. ಕೆಳಗಿನ ಬಾಗು ಹಿಡಿದರೆ ಹಿಡಿತ ಚೆನ್ನಾಗಿರುತ್ತದೆ, ಆದರೆ ಅಲ್ಲಿಂದ ಲಿವರ್ ಮುಟ್ಟಲು ಬೆರಳು ಉದ್ದ ಇರಬೇಕು. ದೊಡ್ಡವರ ಲಿವರ್ ದೊಡ್ಡವರ ಕೈಗೆ ಮಾಡಿದ್ದು. ಒಂಬತ್ತು ವರ್ಷದ ಮಗು ಅದನ್ನು ಬೆರಳ ತುದಿಯಲ್ಲಿ ಕೆರೆಯುತ್ತದೆ, ಹಿಡಿಯುವುದಿಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಬ್ಬರು ಸೈಕಲ್ ಹಿಡಿದುಕೊಳ್ಳಿ, ಮಗಳನ್ನು ಸೀಟಿನ ಮೇಲೆ ಕೂರಿಸಿ. ಕೈ ಕೆಳಗಿನ ಬಾಗಿನಲ್ಲಿರಲಿ. ತೋರುಬೆರಳು, ಮಧ್ಯದ ಬೆರಳು ಎರಡರದ್ದೂ ಮೊದಲ ಗೆಣ್ಣು ಲಿವರ್ ದಾಟಿ ಆಚೆ ಹೋಗಬೇಕು. ಈಗ ಮುಂದಿನ ಬ್ರೇಕ್ ಒತ್ತಲು ಹೇಳಿ, ನೀವು ಹಿಂದಿನಿಂದ ಸೈಕಲನ್ನು ಗಟ್ಟಿಯಾಗಿ ತಳ್ಳಿ. ಚಕ್ರ ಉರುಳಬಾರದು. ಹಿಂದಿನ ಬ್ರೇಕಿಗೂ ಹಾಗೇ ಮಾಡಿ. ನಂತರ ಹುಡ್ ಹಿಡಿದು ಇದೆಲ್ಲ ಇನ್ನೊಮ್ಮೆ. ಎರಡು ಕಡೆಯಿಂದಲೂ ಪಾಸಾದರೆ ಮಾತ್ರ ಮುಂದಿನ ಮಾತು. ಎಷ್ಟೋ ಲಿವರ್‌ಗಳನ್ನು ಹ್ಯಾಂಡಲ್ ಹತ್ತಿರಕ್ಕೆ ತರಲು ಸಣ್ಣ ಸ್ಕ್ರೂ ಇರುತ್ತದೆ. ಕೆಲವದರಲ್ಲಿ ಒಳಗೆ ಪುಟ್ಟ ರಬ್ಬರ್ ತುಂಡು ಸಿಕ್ಕಿಸಬೇಕು. ಅದನ್ನು ಮಾಡಿಸಿ ನೋಡಿ. ಆದರೆ ಹತ್ತಿರ ತಂದ ಮೇಲೆ ಲಿವರ್ ಹೋಗಿ ಹ್ಯಾಂಡಲ್‌ಗೆ ತಾಗುತ್ತಿದ್ದರೆ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ, ವೈರ್ ಮತ್ತೆ ಬಿಗಿ ಮಾಡಿಸಬೇಕು.

132 ಸೆಂ.ಮೀ. ಎತ್ತರಕ್ಕೆ 24 ಇಂಚಿನ ಚಕ್ರ ಸರಿ. 700ಸಿ ಚಕ್ರಕ್ಕೆ ಸಾಮಾನ್ಯವಾಗಿ 150 ಸೆಂ.ಮೀ. ಹತ್ತಿರ ಬರಬೇಕು. ಎರಡು ವರ್ಷದ ನಂತರ ಸರಿಹೋಗಬಹುದು, ನಿಜ. ಆ ಎರಡು ವರ್ಷ ಓಡಿಸುವವಳು ಯಾರು? ಈಗಿನ ಅಳತೆಯ ನಿಮ್ಮ ಮಗಳೇ ಅಲ್ವಾ?

ನನ್ನ ಸಲಹೆ: ಈಗ ನೇರ ಹ್ಯಾಂಡಲ್‌ನ ಹಗುರವಾದ 24 ಇಂಚಿನ ಸೈಕಲ್ ತಗೊಳ್ಳಿ. ಮುಂದೆ ಶಾಕ್ಸ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಇರಲಿ. ಉಬ್ಬು ಉಬ್ಬಾದ ಟೈರ್ ತೆಗೆಸಿ ನುಣುಪು ಟೈರ್ ಹಾಕಿಸಿ. ಓಟದಲ್ಲಿ ಅದು ರೋಡ್ ಬೈಕೇ. ಮಕ್ಕಳಿಗೆಂದೇ ಮಾಡಿದ 24 ಇಂಚಿನ ರೋಡ್ ಬೈಕ್ ಎಲ್ಲಾದರೂ ಸಿಕ್ಕಿ, ಮೇಲೆ ಹೇಳಿದ ಪರೀಕ್ಷೆ ಪಾಸಾದರೆ ಧಾರಾಳವಾಗಿ ತಗೊಳ್ಳಿ. ಅಂಥ ಸೈಕಲ್‌ನಲ್ಲಿ ಮೇಲಿನ ನೇರ ಭಾಗಕ್ಕೂ ಒಂದು ಜೊತೆ ಚಿಕ್ಕ ಲಿವರ್ ಇದ್ದರೆ ಇನ್ನೂ ಒಳ್ಳೆಯದು.

ತೂಕ ಮರೆಯಬೇಡಿ. ಶಾಕ್ಸ್ ಇರುವ ಕಬ್ಬಿಣದ 24 ಇಂಚಿನ ಸೈಕಲ್ 14 ಕೆ.ಜಿ. ಬರುವುದು ಮಾಮೂಲು. ನಿಮ್ಮ ಮಗಳ ತೂಕದ ಅರ್ಧಕ್ಕಿಂತ ಜಾಸ್ತಿ. 65 ಕೆ.ಜಿ. ಇರುವ ನಮ್ಮಂಥವರು 35 ಕೆ.ಜಿ. ಸೈಕಲ್ ತುಳಿದ ಹಾಗೆ. ಅಂಗಡಿಗೆ ಹೋಗುವಾಗ ಕೊಕ್ಕೆ ತಕ್ಕಡಿ ತಗೊಂಡು ಹೋಗಿ, ಸೀಟಿನ ಕೆಳಗೆ ಸಿಕ್ಕಿಸಿ ತೂಗಿ. 10 ಕೆ.ಜಿ. ಆಸುಪಾಸಿನದು ಸಿಕ್ಕರೆ ಬಿಡಬೇಡಿ.

ಪ್ರಶ್ನೆ (ಮಂಡ್ಯದಿಂದ ಒಬ್ಬ ತಾಯಿ):
ಅಣ್ಣ, ನಮ್ಮ ಹುಡುಗನ ಹತ್ತಿರ ಆಗಲೇ 24 ಇಂಚಿನ ಗೇರ್ ಸೈಕಲ್ ಇದೆ. "ಸುಮ್ನೆ ಹೊಸದು ಯಾಕೆ, ಇದಕ್ಕೇ ಬಾಗಿದ ಹ್ಯಾಂಡಲ್ ಹಾಕಿಕೊಡ್ತೀನಿ" ಅಂತ ನಮ್ಮ ಬೀದಿಯ ಮೆಕ್ಯಾನಿಕ್ ಹೇಳ್ತಿದ್ದಾರೆ. ಮಾಡಿಸಲಾ?

ಉತ್ತರ:
ಮೇಡಂ, ಮೊದಲು ಬ್ರೇಕ್ ಯಾವುದು ನೋಡಿ. ಟೈರಿನ ಎರಡೂ ಪಕ್ಕ ಎರಡು ಉದ್ದ ಕೈ ನಿಂತಿದ್ದು, ಅವುಗಳ ತುದಿಯಲ್ಲಿ ವೈರ್ ಅಡ್ಡ ಹಾದಿದ್ದರೆ ಅದು ವಿ-ಬ್ರೇಕ್. ನೇರ ಹ್ಯಾಂಡಲ್‌ನ ಲಿವರ್ ವೈರನ್ನು ಜಾಸ್ತಿ ಉದ್ದ ಎಳೆಯುತ್ತದೆ, ವಿ-ಬ್ರೇಕಿಗೆ ಅಷ್ಟು ಬೇಕು. ಸಾಮಾನ್ಯ ರೋಡ್ ಲಿವರ್ ಸುಮಾರು ಅದರ ಅರ್ಧ ಎಳೆಯುತ್ತದೆ. ಎರಡನ್ನೂ ಜೋಡಿಸಿದರೆ ಬ್ರೇಕ್ ಹಿಡಿಯುವ ಮೊದಲೇ ಲಿವರ್ ಹ್ಯಾಂಡಲ್‌ಗೆ ಬಂದು ಕೂರುತ್ತದೆ. ಅದನ್ನು ತಪ್ಪಿಸಲು ಬ್ರೇಕಿನ ರಬ್ಬರನ್ನು ರಿಮ್‌ಗೆ ಅಂಟಿಸಿದ ಹಾಗೆ ಇಟ್ಟರೆ ಚಕ್ರ ಉಜ್ಜುತ್ತಲೇ ಇರುತ್ತದೆ. ಇದಕ್ಕೆ ಕೈ ಚಿಕ್ಕದಾದ ಮಿನಿ ವಿ-ಬ್ರೇಕ್ ಅಥವಾ ವಿ-ಬ್ರೇಕಿಗೆಂದೇ ಮಾಡಿದ ರೋಡ್ ಲಿವರ್ ಬೇಕು. ನಿಮ್ಮ ಮೆಕ್ಯಾನಿಕ್ ಅದನ್ನು ತರಿಸುತ್ತೇನೆ ಅಂದರೆ ಮಾತು ಬೇರೆ. ಇಲ್ಲದಿದ್ದರೆ ಬೇಡ.

ಇನ್ನೊಂದು ತೊಂದರೆ. ಬಾಗಿದ ಹ್ಯಾಂಡಲ್‌ನಲ್ಲಿ ಕೈ ಇನ್ನೂ ಮುಂದೆ ಹೋಗುತ್ತದೆ. ಈಗ ಸರಿಯಿರುವ ಫ್ರೇಮ್ ಉದ್ದ ಅನ್ನಿಸಿ ಹುಡುಗ ಮೈ ಚಾಚಬೇಕಾಗುತ್ತದೆ. ಆ ದುಡ್ಡಿಗೆ ನುಣುಪು ಟೈರ್, ಒಳ್ಳೆಯ ಬ್ರೇಕ್ ರಬ್ಬರ್, ಹೊಸ ವೈರ್ ಹಾಕಿಸಿ. ಹುಡುಗನಿಗೆ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ.

ಪ್ರಶ್ನೆ (ಮತ್ತೆ ಕುವೆಂಪುನಗರದ ತಂದೆ):
ಸಾರ್, ನೀವು ಹೇಳಿದ ಪರೀಕ್ಷೆ ಮಾಡಿದೆವು. ಬೆರಳ ತುದಿ ಮಾತ್ರ ತಾಗುತ್ತೆ, ಚಕ್ರ ಉರುಳಿಬಿಟ್ಟಿತು. 24 ಇಂಚಿಗೆ ಒಪ್ಪಿಸಿದ್ದೇನೆ. ಗೇರ್ ಎಷ್ಟಿರಬೇಕು? ಗಾಳಿ ಎಷ್ಟು? ಬೆಟ್ಟಕ್ಕೆ ಯಾವಾಗ ಕರೆದುಕೊಂಡು ಹೋಗಲಿ?

ಉತ್ತರ:
ಮುಂದೆ ಒಂದೇ ಹಲ್ಲುಚಕ್ರ ಸಾಕು, 32 ಅಥವಾ 34 ಹಲ್ಲು. ಹಿಂದೆ ಏಳೆಂಟು ಗೇರ್, ಅದರಲ್ಲಿ ದೊಡ್ಡದು 32 ಹಲ್ಲಿದ್ದರೆ ಚೆನ್ನ. 32ಕ್ಕೆ 32 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.8 ಮೀಟರ್ ಹೋಗುತ್ತದೆ. ನೀವು ಮೊದಲು ನೋಡಿದಂಥ 700ಸಿ ಸೈಕಲ್‌ನಲ್ಲಿ ಮುಂದೆ 50, ಹಿಂದೆ 28 ಹಾಕಿದರೆ ಅದು ಸುಮಾರು 3.75 ಮೀಟರ್. ಏರಿನಲ್ಲಿ ಆ ಕಾಲಿಗೆ ಇದು ಭಾರ.

ಕ್ರ್ಯಾಂಕ್ (ಪೆಡಲ್ ಕೂರಿಸಿರುವ ಕೈ) ಉದ್ದ ನೋಡುವುದನ್ನು ಮರೆಯಬೇಡಿ. ದೊಡ್ಡವರದ್ದು 170 ಮಿ.ಮೀ., ನಿಮ್ಮ ಮಗಳಿಗೆ 140ರ ಆಸುಪಾಸು ಸಾಕು. ಉದ್ದ ಜಾಸ್ತಿಯಾದರೆ ಪೆಡಲ್ ಮೇಲೆ ಬಂದಾಗ ಮಂಡಿ ಎದೆ ಹತ್ತಿರ ಬರುತ್ತದೆ, ಸೊಂಟ ಅತ್ತಿತ್ತ ಆಡುತ್ತದೆ. ಸೀಟಿನ ಮೇಲೆ ಕೂತು ತುಳಿಯುವಾಗ ಹಿಂದೆ ನಿಂತು ಸೊಂಟ ನೋಡಿ, ಗೊತ್ತಾಗುತ್ತದೆ.

ಗಾಳಿ: ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿ ಹೊಡೆದುಬಿಡುತ್ತಾರೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟೂ ತುಂಬಬೇಕಿಲ್ಲ. 32 ಮಿ.ಮೀ. ಅಗಲದ ಟೈರಿಗೆ, ಅಷ್ಟು ಹಗುರ ಮಗುವಿಗೆ 40 ಪಿಎಸ್‌ಐ ಸಾಕು. ನಮ್ಮ ಹಂಪ್‌ಗಳ ಮೇಲೆ ಕೈ ಅದುರುವುದು ಕಡಿಮೆಯಾಗುತ್ತದೆ. ವಾಲ್ವ್ ತೆಳ್ಳಗಿನ ಪ್ರೆಸ್ಟಾ ಆಗಿದ್ದರೆ ಸಣ್ಣ ಹಿತ್ತಾಳೆ ಅಡಾಪ್ಟರ್ ಒಂದು ಸೀಟಿನ ಚೀಲದಲ್ಲಿರಲಿ, ಬೀದಿ ಅಂಗಡಿಯ ಪಂಪು ನೇರ ಕೂರುವುದಿಲ್ಲ.

ಬೆಟ್ಟ ಹತ್ತುವುದಕ್ಕೆ ನನಗೆ ಹೆದರಿಕೆಯಿಲ್ಲ, ಸುಸ್ತಾದರೆ ಇಳಿದು ತಳ್ಳುತ್ತಾಳೆ. ಇಳಿಯುವುದೇ ಯೋಚನೆ. ಅಷ್ಟು ದೂರ ಬ್ರೇಕ್ ಹಿಡಿದೇ ಇರಬೇಕು, ಚಿಕ್ಕ ಕೈ ಬೇಗ ಸೋಲುತ್ತದೆ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯುವುದನ್ನು ಮೊದಲು ಸಣ್ಣ ಇಳಿಜಾರಿನಲ್ಲಿ ಕಲಿಸಿ. ಅಲ್ಲಿಯವರೆಗೆ ಬೆಳಿಗ್ಗೆ ಬೇಗ ಮಾನಸಗಂಗೋತ್ರಿ (ವಿಶ್ವವಿದ್ಯಾಲಯದ ಕ್ಯಾಂಪಸ್) ಒಳಗಿನ ರಸ್ತೆಗಳು ಸಾಕು.

ಪ್ರಶ್ನೆ (ಶ್ರೀರಂಗಪಟ್ಟಣದಿಂದ):
ಬೆಂಗಳೂರು ಎಕ್ಸ್‌ಪ್ರೆಸ್‌ವೇ ನುಣ್ಣಗಿದೆ. ಭಾನುವಾರ ಬೆಳಿಗ್ಗೆ ಮಗನ ಜೊತೆ ಅದರ ಮೇಲೆ ಹೋಗಬಹುದಾ?

ಉತ್ತರ:
ಇಲ್ಲ ಸಾರ್. 2023ರ ಆಗಸ್ಟ್ 1ರಿಂದ ಅಲ್ಲಿ ಮೋಟಾರ್ ಬೈಕ್, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್‌ಗೂ ನಿಷೇಧ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಎದುರಿನಿಂದ ರಾಂಗ್ ಸೈಡಲ್ಲಿ ಗಾಡಿ ಬರುತ್ತವೆ. ಮಗುವನ್ನು ಅಲ್ಲಿ ಬಿಡಬೇಡಿ. ಮಂಡ್ಯ ಕಡೆಯವರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೂ ಬೇಡ. ಎಷ್ಟೋ ಕಡೆ ತಡೆಗೋಡೆಯಿಲ್ಲ, ನೀರು ಬಿಟ್ಟಾಗ ಸೆಳೆತ ಜೋರು.

ಕುವೆಂಪುನಗರದ ಸಾರ್, ಮಗಳ ಒಳಗಾಲಿನ ಅಳತೆ ಕಳಿಸಿ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿಸಿ, ಕಾಲ ಸಂದಿಗೆ ಒಂದು ದಪ್ಪ ಪುಸ್ತಕ ಮೇಲಕ್ಕೆ ಒತ್ತಿ ಹಿಡಿಸಿ, ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಟೇಪ್ ಹಿಡಿಯಿರಿ. ಫ್ರೇಮಿನ ಮೇಲಿನ ಪೈಪು ಅದಕ್ಕಿಂತ ಮೂರು ಸೆಂ.ಮೀ. ಆದರೂ ಕೆಳಗಿರಬೇಕು. ಅಂಗಡಿಯಲ್ಲಿ ಇಷ್ಟವಾದ ಸೈಕಲಿನ ಕ್ರ್ಯಾಂಕ್ ಒಳಮೈಯಲ್ಲಿ ಉದ್ದದ ಸಂಖ್ಯೆ ಕೆತ್ತಿರುತ್ತದೆ, ಅದರ ಫೋಟೋನೂ ಹಾಕಿ. ನೋಡಿ ಹೇಳುತ್ತೇನೆ.